ಹನ್ನೆರಡು ಕಂಬ

"ಬೇಲಿಗೆ ಎಷ್ಟು ಕಂಬ ಇತ್ತು, ಧನಿಗಳೇ?"

ಬಂಟ್ವಾಳದಿಂದ ಪುಂಜಾಲಕಟ್ಟೆಗೆ ಹೊರಟ ಬಸ್ಸಿನಲ್ಲಿ, ಹಿಂದಿನ ಸೀಟಿನಿಂದ ಸೇಸಮ್ಮ ಕೇಳಿದ್ದು ಇಷ್ಟೇ. ದಾವೆ ಸೋತ ಹೆಂಗಸು ಅಳಬೇಕಿತ್ತು, ಇಲ್ಲವೇ ಹಿಡಿಶಾಪ ಹಾಕಬೇಕಿತ್ತು. ಗೆದ್ದ ಧರ್ಣಪ್ಪನೇ ಗಾಬರಿಬಿದ್ದು "ಹನ್ನೆರಡು" ಎಂದುಬಿಟ್ಟ.

ಧರ್ಣಪ್ಪ ಮುರಕಲ್ಲು ಕಡಿಸಿ ಹಾಗೇ ಬಿಟ್ಟ ಹೊಂಡ ಕಾಲುದಾರಿಯ ಪಕ್ಕದಲ್ಲೇ ಇತ್ತು. ಐವತ್ತೇಳನೇ ಇಸವಿಯ ಆಟಿ ತಿಂಗಳ ಮಳೆಯಲ್ಲಿ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಸೇಸಮ್ಮನ ಗಂಡ ಚನಿಯಪ್ಪ ಅದರ ನೀರಿಗೆ ಬಿದ್ದು ಸತ್ತ. ಅವಳು ನಷ್ಟಪರಿಹಾರಕ್ಕೆ ದಾವೆ ಹೂಡಿದಳು. "ದಾರಿಬದಿ ಹೊಂಡ ತೆಗೆದವ ಬೇಲಿ ಹಾಕಬೇಕು, ಹಾಕದಿದ್ದರೆ ಹೊಣೆ ಅವನದ್ದೇ," ಎಂದಿದ್ದರು ಧರ್ಣಪ್ಪನ ವಕೀಲರು. "ಬೇಲಿ ಇದ್ದರೆ, ದಾಟಿ ಹೋದವನದ್ದು ತಪ್ಪು. ಇತ್ತಾ?"

ಇರಲಿಲ್ಲ. ಆದರೂ ಅವನು ಕಟಕಟೆಯಲ್ಲಿ ನಿಂತು, "ಮುಳ್ಳಿನ ಬೇಲಿ ಇತ್ತು, ಆಮೇಲೆ ಗೆದ್ದಲು ತಿಂದಿತು" ಎಂದ. ದೈವದ ಎದುರು ಪ್ರಮಾಣ ಮಾಡೆಂದಿದ್ದರೆ ಅವನ ನಾಲಿಗೆ ಒಣಗುತ್ತಿತ್ತು. ಕೋರ್ಟಿನ ಪ್ರಮಾಣ ಬೇರೆ. ಅಲ್ಲಿ ಕೇಳಿಸಿಕೊಳ್ಳುವವರು ಮನುಷ್ಯರು ತಾನೆ? ಹೀಗೆ ಎಣಿಸಿದವನು ಊರಲ್ಲಿ ಅವನೊಬ್ಬನೇ ಅಲ್ಲ ಬಿಡಿ.

ತೀರ್ಪಿನ ಮರುದಿನ ಹೊಂಡದ ಅಂಚಿನಲ್ಲಿ ಒಂದು ಕಂಬ ನಿಂತಿತ್ತು. ಅದರ ಮರುದಿನ ಎರಡು, ನಡುವೆ ಬಿಗಿದ ಮುಳ್ಳು. ಧರ್ಣಪ್ಪ ಒಂದನ್ನು ಕಿತ್ತು ನೀರಿಗೆಸೆದ. ಬೆಳಗಾಗುವಾಗ ಅದೇ ಗುಳಿಯಲ್ಲಿ ಅದೇ ಕಂಬ, ಇನ್ನೂ ಒದ್ದೆಯಾಗಿತ್ತು. ಯಾರು ನೆಟ್ಟದ್ದೆಂದು ಕೇಳಿದ್ದಕ್ಕೆ ನೆರೆಮನೆಯ ನೋಣಯ್ಯ ಅವನ ಮುಖವನ್ನೇ ನೋಡಿದ.

"ಅದು ನಿಮ್ಮ ಹಳೇ ಬೇಲಿಯೇ ಅಲ್ವಾ ಮಾರಾಯ್ರೆ? ನಾನೇ ಸಾಕ್ಷಿ ಹೇಳಿದ್ದೇನೆ."

ತಮಾಷೆಯಲ್ಲ. ಹೇಳಿಕೊಟ್ಟ ಸುಳ್ಳನ್ನು ಆ ಪುಣ್ಯಾತ್ಮ ನಂಬಿಯೇ ಬಿಟ್ಟಿದ್ದ. ಬೇಲಿ ಇರಲಿಲ್ಲವೆಂದು ಬಲ್ಲವರು ಊರಲ್ಲಿ ಇನ್ನು ಸೇಸಮ್ಮ ಮತ್ತು ತಾನು ಇಬ್ಬರೇ ಎಂದು ಧರ್ಣಪ್ಪನಿಗೆ ಹೊಳೆಯಿತು.

ಹನ್ನೆರಡನೆಯ ದಿನ ಮಟಮಟ ಮಧ್ಯಾಹ್ನ ಅವನು ಹೊಂಡದ ಬಳಿ ಹೋದ. ಎಲೆಯೂ ಅಲುಗುತ್ತಿರಲಿಲ್ಲ. ಸೇಸಮ್ಮ ಕೊನೆಯ ಕಂಬಕ್ಕೆ ಮುಳ್ಳು ಬಿಗಿಯುತ್ತಿದ್ದಳು, ಅಂಗೈ ತುಂಬ ರಕ್ತ. ತಿರುಗಿ ನೋಡದೆಯೇ ಹೇಳಿದಳು:

"ಎಣಿಸಿ ನೋಡಿ ಧನಿಗಳೇ, ಸರಿ ಉಂಟಾ?"

"ನಿನಗೆ ಮರುಳಾ? ಯಾಕೆ ಇದೆಲ್ಲ?"

"ಬೇಲಿ ಇತ್ತು ಅಂತ ಕೋರ್ಟಿನಲ್ಲಿ ಬರೆದಾಯ್ತಲ್ಲ. ಹಾಗಾದ್ರೆ ನಮ್ಮವರು ಬೇಕೂಂತಲೇ ದಾಟಿ ಹಾರಿದ್ದು ಅಂತ ಆಯ್ತು. ತಾನಾಗಿ ಸತ್ತವನಿಗೆ ಬಡಿಸುವುದಿಲ್ಲ ಅಂತಾರೆ ಅವರ ಮನೆಯವರು. ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಬಡಿಸ್ತಾರೆ, ಇವರೊಬ್ಬರಿಗೆ ಇಲ್ಲ. ದಿನಾ ಇವರು ಅಂಗಳದಲ್ಲಿ ನಿಂತು ನನ್ನ ಹತ್ರ ಕೇಳ್ತಾರೆ, ನನ್ನ ಎಲೆ ಎಲ್ಲಿ ಅಂತ."

ಅವಳು ಪಕ್ಕದಲ್ಲಿದ್ದ ಸೊಪ್ಪಿನ ಹೊರೆಯನ್ನು ತೋರಿಸಿದಳು. "ಇದನ್ನು ಹೊತ್ತು ಬೇಲಿ ದಾಟ್ಲಿಕ್ಕೆ ಆಗ್ತದಾ? ನೀವು ದಾಟಿ ತೋರಿಸಿ. ಆಮೇಲೆ ನಾನು ಒಪ್ತೇನೆ."

ಯಾಕೆಂದು ತಿಳಿಯದೆ ಧರ್ಣಪ್ಪ ತಲೆ ಬಗ್ಗಿಸಿದ. ಅವಳು ಹೊರೆಯನ್ನು ಎತ್ತಿ ಇಟ್ಟಳು. ಹಸಿ ಸೊಪ್ಪು ಕಣ್ಣಿಗೆ ಇಳಿಬಿದ್ದು ಮುಂದೇನೂ ಕಾಣದಾಯಿತು. ಮುಳ್ಳು ಮೊಣಕಾಲಿಗೆ ತಾಗಿತು. ಕೆಳಗೆಲ್ಲೋ ನೀರು ಒಮ್ಮೆ ಸಣ್ಣಗೆ ಸದ್ದು ಮಾಡಿತು. ಕಾಲು ಏಳಲಿಲ್ಲ.

"ಬೇಲಿ ಇರಲಿಲ್ಲ," ಎಂದ.

"ನನಗೆ ಗೊತ್ತುಂಟು. ಅವರಿಗೆ ಕೇಳುವ ಹಾಗೆ ಹೇಳಿ."

"ಬೇಲಿ ಇರಲಿಲ್ಲ!" ಧರ್ಣಪ್ಪ ಹೊಂಡದ ಕಡೆಗೆ ಕೂಗಿದ. ಕಡಿದ ಕಲ್ಲಿನ ಗೋಡೆಗಳ ನಡುವಿನಿಂದ ಆ ಮಾತು ಮರಳಿ ಬರಲಿಲ್ಲ. ಸೇಸಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಆಮೇಲೆ ನೀರಿನತ್ತ ಬಾಗಿ, ಮನೆಯೊಳಗಿನಿಂದ ಕರೆಯುವವಳ ದನಿಯಲ್ಲಿ ಹೇಳಿದಳು:

"ಕೇಳಿತಾ? ಬನ್ನಿ, ಊಟಕ್ಕೆ ಹೋಗುವ."