ಶಮಶುದ್ದೀನ ಮಿಸ್ತ್ರಿಯ ಮುಂಬಯಿ

ದಾಂಡೇಲಿಯಿಂದ ಮುಂಬಯಿಗೆ ಹೊರಟವರು ಟಿಕೀಟು ತೆಗೆಸುವ ಮೊದಲು ಶಮಶುದ್ದೀನ ಮಿಸ್ತ್ರಿಯನ್ನು ಕಾಣಬೇಕು. ಇದು ಸರಕಾರ ಮಾಡಿದ ಕಾಯ್ದೆ ಅಲ್ಲ, ಆದರೆ ಸರಕಾರದ ಕಾಯ್ದೆಗಿಂತ ಚೆನ್ನಾಗಿ ನಡೆಯುತ್ತಿತ್ತು. ಲಾರಿ ರಿಪೇರಿಯ ಮಿಸ್ತ್ರಿ ಶೇಖಪ್ಪನ ಚಹಾದಂಗಡಿಯ ಬಾಕಿನ ಮೇಲೆ ಕೂತು, ಗ್ರೀಸು ಹತ್ತಿದ ಬೆರಳಿನಿಂದ ಗಾಳಿಯಲ್ಲೇ ರಸ್ತೆ ಬರೆದು ತೋರಿಸುತ್ತಿದ್ದ. ಬೋರಿಬಂದರ ಸ್ಟೇಶನ್ನಿನಲ್ಲಿ ಇಳಿದ ಮೇಲೆ ಕತ್ತೆತ್ತಿ ನೋಡಬಾರದು, ಹಳ್ಳಿಯವನೆಂದು ಗೊತ್ತಾಗುತ್ತದೆ. ಲೋಕಲ್ ಗಾಡಿಯಲ್ಲಿ ಕಿಸೆ ಮುಟ್ಟಿಕೊಳ್ಳಬಾರದು, ಕಿಸೆಗಳ್ಳನಿಗೆ ನಾವೇ ವಿಳಾಸ ಕೊಟ್ಟಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಭೇಂಡಿ ಬಜಾರಿನ ಏಳು ಮಹಡಿಯ ಹೋಟೆಲ್ಲು. ಮಹಡಿಗೊಂದು ಅಡುಗೆ, ತಿನ್ನುತ್ತ ಹತ್ತಬೇಕು, ಏಳನೆಯದನ್ನು ಮುಟ್ಟಿದವರಿಗೆ ಹಲ್ವಾ ಪುಕ್ಕಟೆ.

ಮಿಸ್ತ್ರಿ ಮುಂಬಯಿ ನೋಡಿರಲಿಲ್ಲ. ಅವನು ಹೋದದ್ದು ಮಿರಜದ ತನಕ, ಹರ್ನಿಯಾದ ಆಪರೇಶನ್ನಿಗೆ. ದವಾಖಾನೆಯಲ್ಲಿ ಅವನ ಪಕ್ಕದ ಕಾಟಿನ ಮೇಲೆ ಮುಂಬಯಿಯ ಟ್ಯಾಕ್ಸಿ ಡ್ರೈವರೊಬ್ಬ ಕಾಲು ಮುರಿದುಕೊಂಡು ಮಲಗಿದ್ದ. ಆ ಪುಣ್ಯಾತ್ಮ ಜ್ವರವಿಲ್ಲದಾಗ ಹೇಳಿದ್ದು, ಜ್ವರ ಏರಿದಾಗ ಬಡಬಡಿಸಿದ್ದು, ಎರಡನ್ನೂ ಬೇರೆ ಮಾಡದೆ ಮಿಸ್ತ್ರಿ ಊರಿಗೆ ತಂದ. ಏಳು ಮಹಡಿಯ ಹೋಟೆಲ್ಲು ನೂರಾಮೂರು ಡಿಗ್ರಿ ಜ್ವರದ್ದು.

ತಮಾಷೆಯೆಂದರೆ ಹೋಗಿಬಂದವರು ಯಾರೂ ಅದು ಇಲ್ಲವೆನ್ನಲಿಲ್ಲ. ಅಷ್ಟು ದೂರ ಹೋಗಿಯೂ ಆ ಹೋಟೆಲ್ಲು ಕಾಣಲಿಲ್ಲ ಎಂದರೆ ಮರ್ಯಾದೆ ಎಲ್ಲಿ ಉಳಿಯಿತು? ಕಾಗದದ ಮಿಲ್ಲಿನ ನಾಗಲಿಂಗಪ್ಪ ಐದನೆಯ ಮಹಡಿಯ ತನಕ ತಿಂದು, ಮೊಣಕಾಲು ನೋವಿಗೆ ಹಿಂದಿರುಗಿದ್ದೆ ಎಂದು ಹೇಳಿದ. ಮೂರನೆಯ ಮಹಡಿಯ ಖೀಮಾ ಸ್ವಲ್ಪ ಖಾರ ಎಂದು ದೂರನ್ನೂ ಹೇಳಿದ. ನಾಗಲಿಂಗಪ್ಪ ತಲೆತಲಾಂತರದಿಂದ ಮಾಂಸ ಮುಟ್ಟದ ಮನೆಯವನು ಅನ್ನುವುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ, ಅವನಿಗೂ ಆಗಲಿಲ್ಲ.

ಇಲ್ಲವೆಂದವಳು ಒಬ್ಬಳೇ, ಕೋಗಿಲಬನದ ಕ್ರಿಸ್ತಿನಾ. ಶೇಖಪ್ಪನ ಅಂಗಡಿಗೆ ಕಟ್ಟಿಗೆ ಹೊತ್ತು ಹಾಕುವ ಸಿದ್ದಿ ಹೆಂಗಸು. ಹರೆಯದಲ್ಲಿ ಮುಂಬಯಿಯ ಪಾರಸಿ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಂಡಿದ್ದವಳು. ಒಂದು ದಿನ ಹೊರೆ ಇಳಿಸುತ್ತ ಅಂದಳು, “ಅಂಥಾ ಹೋಟೆಲ್ಲು ಅಲ್ಲಿಲ್ರಿ ಮಿಸ್ತ್ರಿಸಾಬ್ರ. ನಾ ಭೇಂಡಿ ಬಜಾರದ ಬಾಜೂಕ ಬೈಕಲ್ಲಾದಾಗ ಏಳು ವರ್ಷ ಇದ್ದೆ. ಕೂಸಿನ ಗಾಡಿ ತಳ್ಳಕೋತ ಆ ಓಣಿ ಎಲ್ಲಾ ತಿರಗೇನಿ.”

ಬಾಕಿನ ಮೇಲಿದ್ದವರೆಲ್ಲ ಮಿಸ್ತ್ರಿಯ ಮುಖ ನೋಡಿದರು. ಅವನಿಗೆ ಬೇರೇನೂ ತೋಚಲಿಲ್ಲ. “ಅಡಿಗಿಮನಿ ಕಿಡಕಿಯಿಂದ ಮುಂಬಯಿ ನೋಡಿದಾಕಿ ನೀ, ನಿನಗೇನ್ ಗೊತ್ತಾಗತೈತಿ?” ಅಂದುಬಿಟ್ಟ. ನಗೆ ಎದ್ದಿತು. ಅಂದಿನಿಂದ ಕ್ರಿಸ್ತಿನಾ ಕಿಡಕಿಬಾಯಿಯಾದಳು. ಮಗ ಕಿಡಕಿಬಾಯಿಯ ಮಗನಾದ, ಮನೆ ಕಿಡಕಿಬಾಯಿಯ ಮನೆಯಾಯಿತು.

ಹೀಗೆ ಆರು ವರ್ಷ ನಡೆದ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಹಜ್ಜಿನ ಯಾದಿಯಲ್ಲಿ ಮಿಸ್ತ್ರಿಯ ಹೆಸರೂ ಹೆಂಡತಿ ರಹೀಮುನ್ನಿಸಾಳ ಹೆಸರೂ ಬಂದವು. ಹಡಗು ಹೊರಡುವುದು ಮುಂಬಯಿಯಿಂದ. ಹೋಗುವವರು ಮೊದಲು ಮನೆಮನೆಗೆ ತಿರುಗಿ, ಅಂದದ್ದು ಆಡಿದ್ದು ಮಾಫ್ ಮಾಡಿರೆಂದು ಕೇಳಿಕೊಳ್ಳುವುದು ರೂಢಿ. ಮಿಸ್ತ್ರಿ ಎಂಟು ದಿನ ತಿರುಗಿ ಊರಿಗೆ ಊರನ್ನೇ ಮುಗಿಸಿ ಬಂದ.

“ಆ ಕಟ್ಟಿಗಿ ಬಾಯಿ ಕಡೆ ಕೇಳಿದ್ರೇನು?” ಎಂದಳು ರಹೀಮುನ್ನಿಸಾ. “ಮನಸು ನೋಯಿಸಿದವರನ್ನ ಬಿಟ್ಟು ಉಳಿದವರನ್ನೆಲ್ಲಾ ಕೇಳಿ ಬಂದ್ರ ಆ ಹಜ್ಜು ಕಬೂಲ್ ಆಗತೈತೇನು?”

ಮಿಸ್ತ್ರಿ ಮರುದಿನ ಕೋಗಿಲಬನಕ್ಕೆ ಹೋಗಿ ಅಂಗಳದಲ್ಲಿ ಕೈ ಕಟ್ಟಿಕೊಂಡು ನಿಂತ. “ಮಾಫ್ ಮಾಡು, ಕ್ರಿಸ್ತಿನಾಬಾಯಿ.”

“ಇಲ್ಲಿ ಕೇಳಿದ್ರ ನಮ್ಮ ಕೋಳಿ ಮಾತ್ರ ಕೇಳ್ತಾವ್ರಿ,” ಎಂದಳು ಕ್ರಿಸ್ತಿನಾ. “ಎಲ್ಲಿ ಹೆಸರಿಟ್ರಿ, ಅಲ್ಲೇ ಬಂದು ಹೇಳ್ರಿ. ಅಂದ್ರ ಮಾಫ್ ಮಾಡ್ತೇನಿ.”

ಆ ರಾತ್ರಿ ಮಿಸ್ತ್ರಿಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತು ವರ್ಷದ ಮಾನ ಒಂದು ಕಡೆ, ಹಜ್ಜು ಇನ್ನೊಂದು ಕಡೆ. ಬೆಳಗಾಗುವಷ್ಟರಲ್ಲಿ ಹಜ್ಜು ಗೆದ್ದಿತು.

ಶೇಖಪ್ಪನ ಅಂಗಡಿ ತುಂಬಿತ್ತು. ಕ್ರಿಸ್ತಿನಾ ಹೊರೆ ಇಳಿಸಿ ಒಲೆಯ ಹತ್ತಿರ ನಿಂತಳು. ಮಿಸ್ತ್ರಿ ಬಾಕಿನ ಮೇಲೆ ಕೂಡದೆ ನಿಂತೇ ಹೇಳಿದ, “ಕೇಳ್ರಿ ಎಲ್ಲಾರೂ. ನಾ ಮುಂಬಯಿ ನೋಡಿಲ್ಲ. ಮಿರಜ ದಾಟಿಲ್ಲ. ಏಳು ಮಹಡಿ ಹೋಟೆಲ್ಲು ಸುಳ್ಳು. ಈ ಬಾಯಿ ಹೇಳಿದ್ದ ಖರೆ.”

ಮೊದಲು ಎದ್ದವನು ನಾಗಲಿಂಗಪ್ಪ, ಮುಖ ಕೆಂಪಗಾಗಿತ್ತು. “ಸುಳ್ಳಂದ್ರ ಹೆಂಗ್ರಿ ಮಿಸ್ತ್ರಿ? ನಾ ಐದು ಮಹಡಿ ಹತ್ತಿ ತಿಂದು ಬಂದೇನಲ್ಲ!”

“ನಮ್ಮ ಅಳಿಯಾ ಏಳೂ ಹತ್ಯಾನ,” ಎಂದ ಇನ್ನೊಬ್ಬ. “ಹಲ್ವಾ ಕಾಗದದಾಗ ಕಟ್ಟಿಸಿಕೊಂಡು ಬಂದಿದ್ದ. ನಾವೆಲ್ಲಾ ತಿಂದೇವಿ.”

“ಅಲ್ಲರೀ, ನಾ ಹೋಗೇ ಇಲ್ಲ!” ಎಂದು ಮಿಸ್ತ್ರಿ ಕೂಗಿದ. ಇಷ್ಟು ವರ್ಷ ಅವನ ಸುಳ್ಳಿಗೆ ತಲೆದೂಗಿದವರು ಈಗ ನಿಜಕ್ಕೆ ಮಾತ್ರ ಸಾಕ್ಷಿ ಕೇಳುತ್ತಿದ್ದರು. ಕೊನೆಗೆ ನಾಗಲಿಂಗಪ್ಪನೇ ದಾರಿ ತೆಗೆದ. “ತಿಳೀತು ಬಿಡ್ರಿ. ಹಜ್ಜಿಗೆ ಹೊಂಟವರು ದೊಡ್ಡಸ್ತಿಕಿ ಬಿಡಬೇಕಂತ. ಅದಕ್ಕ ತಮಗ ಗೊತ್ತಿದ್ದದ್ದನ್ನೂ ಗೊತ್ತಿಲ್ಲ ಅನ್ನಾಕತ್ಯಾರ.”

ಎಲ್ಲರಿಗೂ ಹಾಯೆನಿಸಿತು. ಮಿಸ್ತ್ರಿಯ ನಮ್ರತೆಗೆ ಕೆಲವರ ಕಣ್ಣಲ್ಲಿ ನೀರೂ ಬಂತು. ಶೇಖಪ್ಪ ಕಣ್ಣೊರೆಸಿಕೊಂಡು ಒಲೆಯ ಕಡೆ ತಿರುಗಿದ. “ನೋಡಿ ಕಲಿ, ಕಿಡಕಿಬಾಯಿ. ಎಲ್ಲಾ ಗೊತ್ತಿದ್ರೂ ದೊಡ್ಡವರು ಹೆಂಗ ತಗ್ಗಿ ನಡೀತಾರ!”

ಮಿಸ್ತ್ರಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕ್ರಿಸ್ತಿನಾ ತಲೆಯ ಸಿಂಬಿಯನ್ನು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡಳು.

“ನೀವು ಹೇಳಿದ್ರಿ ಮಿಸ್ತ್ರಿಸಾಬ್ರ. ನಾ ಮಾಫ್ ಮಾಡೇನಿ, ಆರಾಮ ಹೋಗಿ ಬರ್ರಿ,” ಎಂದಳು. “ನನ್ನ ಹೆಸರು ನನಗ ತಿರುಗಿ ಸಿಗಬೇಕಂದ್ರ ಈಗ ಈ ನಾಗಲಿಂಗಪ್ಪನೋರು ಹಜ್ಜಿಗೆ ಹೋಗೂತನಕ ಕಾಯಬೇಕು.”

ಯಾರೋ ನಕ್ಕರು. ಅವಳು ರಸ್ತೆಗಿಳಿದು ಹೋದಳು. ಮಿಸ್ತ್ರಿಗೆ ಮಾಫಿ ಸಿಕ್ಕಿತ್ತು. ಅದನ್ನು ಕಟ್ಟಿಕೊಂಡು ಯಾವ ಮುಖದಿಂದ ಹಡಗು ಹತ್ತುವುದೆಂದು ತಿಳಿಯದೆ ಅವನು ಅಲ್ಲೇ ನಿಂತ.