ಬೆಂಜೋ ರಾಚಪ್ಪನ ಮೆರವಣಿಗೆ

ಅಲ್ಲಪ್ಪ ಎರಡೂ ಕೈ ಚಾಚಿ ಡಿಜೆ ಗಾಡಿಗೆ ಅಡ್ಡ ನಿಂತುಬಿಟ್ಟ. ಬಾಳೇಶ ಗಕ್ಕನೆ ಬ್ರೇಕು ಒತ್ತಿದ. ಗಾಡಿಯ ಮೇಲೆ ಆಳೆತ್ತರಕ್ಕೆ ಜೋಡಿಸಿದ್ದ ಸ್ಪೀಕರುಗಳು ಒಮ್ಮೆ ತೂಗಾಡಿದವು.

“ಹಿಂದಕ್ಕ ತಗಿ. ರಾಚಪ್ಪನ ಮನಿ ಮುಂದ ಇದನ್ನ ತರಾಕ ನಾಚಿಕಿ ಬರಲಿಲ್ಲೇನು ನಿನಗ?”

“ಹಚ್ಚಾಕ ತಂದಿಲ್ಲ, ಕಾಕಾ. ಹುಕ್ಕೇರಿಯೊಳಗ ಲಗ್ನದ ಆರ್ಡರ್ ಇತ್ತು. ಸುದ್ದಿ ಕೇಳಿದವನ ಸೀದಾ ಬಂದೇನಿ. ಮಾವನ ಮುಖಾ ನೋಡತೇನಿ.”

“ಮುಖಾ ನೋಡಾಕ ನಡಕೋತ ಬಾ.”

ಬಾಳೇಶ ಗಾಡಿಯನ್ನು ಊರ ಬಾಯಿಯ ಬೇವಿನ ಮರದ ಕೆಳಗೆ ನಿಲ್ಲಿಸಿ, ಗೆಳೆಯ ಶುಭಮ್‌ನನ್ನು ಅಲ್ಲೇ ಬಿಟ್ಟು, ಚಪ್ಪಲಿ ಕಳಚಿ ನಡೆದು ಬಂದ.

ಅಂಗಳದ ಪೆಂಡಾಲಿನಲ್ಲಿ ರಾಚಪ್ಪನ ಶವವನ್ನು ಕುಳ್ಳಿರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಸೋದರಮಾವನ ಪಾದ ಮುಟ್ಟಿದ ಬಾಳೇಶ ಏಳಲೇ ಇಲ್ಲ. ಹಿಂದೆ ಕುಳಿತಿದ್ದ ಗಂಡಸರು ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

“ಬೆಂಜೋ ಅನ್ನೂದು ಇವತ್ತಿಗಿ ಮುಗೀತ ಬಿಡ್ರಿ,” ಎಂದ ಶ್ರೀಶೈಲ.

“ಅದು ಮುಗದ ಭಾಳ ದಿನ ಆತು. ಈಗಿನವರು ಕುಣೀತಾರೇನು? ಎದಿ ಬಡಕೋತಾರ.”

“ಕಲಿಸಿದ ಅಳಿಯಾನ ಡಿಜೆ ತಂದ. ಅದ ಕೊರಗಿನ್ಯಾಗ ಹೋದ ಪಾಪ.”

ಊರು ನಂಬಿದ್ದು ಹಾಗೆಯೇ. ಮಳೆಗಾಲದಲ್ಲಿ ಗೋವಿನಜೋಳ ಬಿತ್ತುತ್ತಿದ್ದ ರಾಚಪ್ಪ ಲಗ್ನದ ಸುಗ್ಗಿ ಬಂತೆಂದರೆ ಟ್ರ್ಯಾಕ್ಟರಿನ ಡಬ್ಬಿ ಏರಿ ಕೂಡುತ್ತಿದ್ದ. ತೊಡೆಯ ಮೇಲೆ ಬೆಂಜೋ. ಎಡಗೈ ಗುಂಡಿ ಒತ್ತಬೇಕು, ಬಲಗೈ ತಂತಿ ಮೀಟಬೇಕು. ಬಾಜೂಕ್ಕೆ ಅಲ್ಲಪ್ಪನ ಢೋಲು. ಗೋಕಾಕದಿಂದ ಹುಕ್ಕೇರಿವರೆಗೆ ವರನ ಕುದುರೆ ತಡವಾದರೆ ಜನ ತಡಕೊಳ್ಳುತ್ತಿದ್ದರು, ರಾಚಪ್ಪ ತಡವಾದರೆ ತಡಕೊಳ್ಳುತ್ತಿರಲಿಲ್ಲ. ತಂದೆಯಿಲ್ಲದ ಬಾಳೇಶ ಆ ಡಬ್ಬಿಯ ಮೇಲೆಯೇ ಬೆಂಜೋ ಕಲಿತ. ದೊಡ್ಡವನಾಗಿ ಡಿಜೆ ಕೊಂಡ. ಒಂದೆರಡು ವರ್ಷಗಳಲ್ಲೇ ಮಾವನನ್ನು ಕರೆಯುವವರು ಕಡಿಮೆಯಾದರು. ಅಂದಿನಿಂದ ಅಲ್ಲಪ್ಪ ಬಾಳೇಶನೊಡನೆ ಮಾತು ಬಿಟ್ಟಿದ್ದ.

ರಾಚಪ್ಪನ ಬಲಕ್ಕೆ ಕುಳಿತಿದ್ದ ಹೆಂಡತಿ ಕಾಶೆವ್ವ ತಲೆ ಎತ್ತಿದಳು.

“ಕೊರಗಿ ಸತ್ರು ಅಂತ ಯಾರು ಹೇಳಿದ್ರು ನಿಮಗ?”



*

ಹಿಂದಿನ ವರ್ಷ ಮಗಳು ಶೈಲಾಳ ಲಗ್ನ ಅಂಕಲಗಿಯಲ್ಲಿ ಆಗಿತ್ತು. ಬೀಗರು ಗೊತ್ತಿಲ್ಲದೆ ಬಾಳೇಶನ ಡಿಜೆಯನ್ನೇ ಹೇಳಿಬಿಟ್ಟಿದ್ದರು. ಅಲ್ಲಪ್ಪ ಸಿಟ್ಟಿಗೆದ್ದು ಲಗ್ನಕ್ಕೇ ಬರಲಿಲ್ಲ. ರಾಚಪ್ಪ ಮೆರವಣಿಗೆಯಿಂದ ದೂರ, ಒಂದು ಗೋಡೆಗೆ ಆತು ನಿಂತಿದ್ದ.

ಮೊದಲು ಹುಡುಗರು ಕುಣಿದರು. ಆಮೇಲೆ ಹೆಂಗಸರು ನುಗ್ಗಿದರು. ಬೆಂಜೋ ಕಾಲದಲ್ಲಿ ಅವರು ಮಾಳಿಗೆಯ ಮೇಲೆ ನಿಂತು ನೋಡುವವರು. ಈಗ ಬೀದಿಯ ನಡುವೆ ಮುದುಕಿಯರೂ ಕೈ ಎತ್ತಿದ್ದರು. ಶೈಲಾ ಬಾಸಿಂಗ ಕಟ್ಟಿದ ಹಣೆಯಲ್ಲೇ ಓಡಿ ಬಂದು ಅವ್ವನನ್ನು ಎಳೆದೊಯ್ದಳು. ಕಾಶೆವ್ವ ಒಂದು ಗಳಿಗೆ ನಾಚಿ ನಿಂತಳು. ಮತ್ತೆ ಸೆರಗು ನಡುವಿಗೆ ಸಿಕ್ಕಿಸಿ ಕುಣಿದಳು. ಬೆವರು ಒರೆಸುತ್ತ ತಿರುಗಿದಾಗ ಗಂಡ ಕಣ್ಣು ಕೀಳದೆ ನೋಡುತ್ತಿದ್ದ.

ಮರುದಿನ ಮುಂಜಾನೆ ಚಹಾ ಕುಡಿಯುತ್ತ ಅವನು ಕೇಳಿದ: “ನಿನಗ ಕುಣಿಯಾಕ ಬರತೈತಿ ಅಂತ ಒಂದಿನಾನೂ ಹೇಳಲಿಲ್ಲಲ್ಲ?”

“ಮಾಳಗಿ ಮ್ಯಾಲ ನಿಂತು ಕಾಲು ಕುಟ್ಟತಿದ್ದೆ. ನಿಮ್ಮ ಸಪ್ಪಳದಾಗ ನಿಮಗೆಲ್ಲಿ ಕೇಳಬೇಕು?”

ರಾಚಪ್ಪ ನಕ್ಕ. ಬಟ್ಟಲನ್ನು ಕೆಳಗಿಟ್ಟ. “ಬರೇ ಗಂಡಸರನ್ನ ಕುಣಿಸಿದೆ ನೋಡು,” ಎಂದ.

*

“ಅವರಿಗಿ ಬ್ಯಾಸರ ಆಗಿತ್ತು. ಸುಳ್ಳ ಯಾಕ ಹೇಳಲಿ,” ಎಂದಳು ಕಾಶೆವ್ವ, ಪೆಂಡಾಲಿನ ಗಂಡಸರಿಗೆ. “ಆದ್ರ ಬಾಳೇಶನ ಮ್ಯಾಲ ಸಿಟ್ಟ ಇರಲಿಲ್ಲ. ಸಿಟ್ಟು ನಿಮ್ಮದು. ಅವರ ಹೆಸರಿಗಿ ಹಚ್ಚಿದ್ರಿ.” ಆಮೇಲೆ ಅಲ್ಲಪ್ಪನತ್ತ ತಿರುಗಿದಳು. “ಅಣ್ಣಾ, ಬೆಂಜೋ ಇಲ್ಲದ ಅವರನ್ನ ಒಯ್ಯಬ್ಯಾಡ್ರಿ.”

“ಬಾರಿಸವರು ಯಾರ ಉಳದಾರ ತಂಗಿ?”

ಕಾಶೆವ್ವ ಬಾಳೇಶನನ್ನು ನೋಡಿದಳು.

“ಬೆರಳು ಮರತಾವ, ಅತ್ತಿ.”

“ನೆನಪಿದ್ದಷ್ಟ ಬಾರಿಸು.”

ಶೈಲಾ ಒಳಗಿನಿಂದ ಬೆಂಜೋ ತಂದಳು. ಹಳೆಯ ಆಂಪ್ಲಿಫೈಯರಿನ ವೈರು ಇಲಿ ಕಡಿದು ಹಾಳಾಗಿತ್ತು. ಅದಿಲ್ಲದೆ ತಂತಿಯ ಸಪ್ಪಳ ಅಂಗಳವನ್ನೂ ದಾಟದು. ಎಲ್ಲರಿಗೂ ಬೇವಿನ ಮರದ ಕೆಳಗಿನ ಗಾಡಿ ನೆನಪಾಯಿತು. ಎಲ್ಲರೂ ಅಲ್ಲಪ್ಪನ ಮುಖ ನೋಡಿದರು.

ಅಲ್ಲಪ್ಪ ಪಟಕಾದ ಚುಂಗಿನಿಂದ ಮುಖ ಒರೆಸಿಕೊಂಡ. ಗೆಳೆಯ ರಾಚಪ್ಪನ ಮುಂದೆ ಹೋಗಿ ನಿಂತ.

“ತಗೊಂಡ ಬಾ,” ಎಂದ ಬಾಳೇಶನಿಗೆ. “ಆ ಗುದ್ದೂ ಸಪ್ಪಳ ಮಾತ್ರ ಬಂದ್ ಇರಲಿ.”

ಗಾಡಿ ಬಂತು. ಬಾಳೇಶ ಬೆಂಜೋವನ್ನು ಸ್ಪೀಕರಿಗೆ ಜೋಡಿಸಿ ಮೇಲಿನಿಂದ ಕೈ ನೀಡಿದ. ಢೋಲು ಹೆಗಲಿಗೇರಿಸಿದ ಅಲ್ಲಪ್ಪ ಅದನ್ನು ಹಿಡಿಯದೆ ಚಕ್ರದ ಮೇಲೆ ಕಾಲಿಟ್ಟ, ಜಾರಿದ. ಎರಡನೇ ಸಲ ಆ ಕೈ ಹಿಡಿದ. ರಾಚಪ್ಪನನ್ನು ಕುಳ್ಳಿರಿಸಿ ಹೆಗಲ ಮೇಲೆ ಹೊತ್ತ ವಿಮಾನದ ಮುಂದೆ ಶುಭಮ್ ಗಾಡಿಯನ್ನು ಹೆಜ್ಜೆಯ ವೇಗದಲ್ಲಿ ನಡೆಸಿದ.

ಬಾಳೇಶನ ಬೆರಳು ತಪ್ಪುತ್ತಿದ್ದವು. ಒಂದು ಗುಂಡಿಗೆ ಇನ್ನೊಂದು ಒತ್ತುತ್ತಿದ್ದ. “ಮ್ಯಾಲಿಂದು, ಮ್ಯಾಲಿಂದು!” ಎಂದು ಅಲ್ಲಪ್ಪ ಬಡಿಯುತ್ತಲೇ ಒದರುತ್ತಿದ್ದ. ಮಾಳಿಗೆಗಳ ಮೇಲೆ ಯಾರೂ ನಿಲ್ಲಲಿಲ್ಲ, ಹೆಂಗಸರೆಲ್ಲ ಬೀದಿಗಿಳಿದು ಜೊತೆಗೆ ನಡೆದರು.

ಹೊಲದ ದಾರಿ ಬಂದಾಗ ಗಾಡಿ ನಿಂತಿತು. ಮುಂದೆ ಕಬ್ಬಿನ ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಬದು. ವಿಮಾನ ಹೊತ್ತವರು ಬದು ಹಿಡಿದರು. “ಬಾರಿಸ್ಕೋತ ಇರ್ರಿ,” ಎಂದು ಕಾಶೆವ್ವ ಅವರ ಹಿಂದೆ ಹೆಜ್ಜೆ ಹಾಕಿದಳು.

ದಾರಿ ಹೊರಳುವಲ್ಲಿ ರಸ್ತೆ ಮರೆಯಾಯಿತು. ಕಬ್ಬಿನ ಆಚೆಯಿಂದ ಬೆಂಜೋ, ಢೋಲು ಮಾತ್ರ ಕೇಳುತ್ತಿದ್ದವು. ಅಷ್ಟರಲ್ಲಿ ಬೆಂಜೋ ಸ್ವರ ಏರುವಲ್ಲಿ ಅರ್ಧಕ್ಕೇ ತಡವರಿಸಿ ನಿಂತುಹೋಯಿತು, ಢೋಲೂ ನಿಂತಿತು. ಕಾಶೆವ್ವ ನಿಂತಳು. ಅವಳು ನಿಂತದ್ದನ್ನು ಕಂಡು ವಿಮಾನವೂ ಹೆಗಲುಗಳ ಮೇಲೆ ನಿಂತಿತು.

“ಯಾಕವ್ವಾ?” ಎಂದಳು ಶೈಲಾ.

ಕಾಶೆವ್ವ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದಳು. ಆಚೆ ಬಾಳೇಶ ಮೊದಲಿನಿಂದ ಶುರುಮಾಡಿದ. ಮತ್ತೆ ಅಲ್ಲೇ ತಪ್ಪಿದ. ಮತ್ತೊಮ್ಮೆ ಶುರುಮಾಡಿದ. ಹೊತ್ತವರು ಹೆಗಲು ಬದಲಿಸಿಕೊಂಡರು. ಮೂರನೇ ಸಲ ಬೆರಳು ಆ ಏರನ್ನು ದಾಟಿದವು, ಹಿಂದೆಯೇ ಢೋಲು ಬಂದು ಕೂಡಿಕೊಂಡಿತು.

“ಹೂಂ, ನಡೀರಿ,” ಎಂದಳು ಕಾಶೆವ್ವ.