ಎರಡು ಎಡಭಾಗ

ಗೌನು ಹೊಲಿಯಲು ಒಬ್ಬಳಿಗಾದರೆ ಮೂರು ಮೀಟರ್ ಬಟ್ಟೆ ಬೇಕು, ಇಬ್ಬರಿಗೆ ಸೇರಿ ಐದು ಸಾಕು. ಒಬ್ಬಳ ತೋಳು ಇನ್ನೊಬ್ಬಳ ಕೊರಳಿನ ಪಕ್ಕದ ಖಾಲಿ ಜಾಗದಲ್ಲಿ ಕೂರುತ್ತದೆ, ಒಬ್ಬಳ ಜೇಬು ಇನ್ನೊಬ್ಬಳ ಕಂಕುಳ ಕೆಳಗಿನ ತುಂಡಿನಲ್ಲಿ ಹೊರಡುತ್ತದೆ. ಹಾಗೆ ಉಳಿಯುವ ಒಂದು ಮೀಟರ್ ಎಂದರೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅರ್ಧ ದಿನ ಕೂತ ಸಂಬಳ. ಕೌಂಟರಿನಲ್ಲಿ ಕೂರುವವಳಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಆದರೂ ಬಟ್ಟೆ ಅಂಗಡಿಯಲ್ಲಿ ನಿಂತು, "ಮೂರು ಮೀಟರ್ ಕೊಡಿ" ಎಂದಳು.

ಅಂಗಡಿಯವನು ಥಾನು ಬಿಚ್ಚುತ್ತ ಬಾಗಿಲ ಕಡೆ ನೋಡಿದ. "ಜೋಡಿ ಎಲ್ಲಿ?"

"ಯಾವ ಜೋಡಿ?"

"ಪ್ರತಿ ಬೇಸಿಗೆ ನಿಮ್ಮಕ್ಕ, ನೀವು ಇಬ್ಬರೂ ಬಂದು ನನ್ನ ತಲೆ ತಿಂತಿದ್ರಲ್ಲ. ಅವರು ಬಣ್ಣ ಹೋಗುತ್ತಾ ಅಂತ, ನೀವು ಅಗಲ ಸಾಲಲ್ಲ ಅಂತ."

"ಈ ಸಲ ಅರ್ಧ ತಲೆ ಉಳೀತಲ್ಲ, ಖುಷಿಪಡಿ."

ತಿಳಿನೀಲಿಯ ಮೇಲೆ ಸಣ್ಣ ಬಿಳಿ ಎಲೆಗಳ ಹತ್ತಿ ಬಟ್ಟೆ. ಅಂಗಡಿಯವನು ಅಳೆದು ಒಂದು ಕಡೆ ಕತ್ತರಿ ತಾಗಿಸಿ ಪರ್ರೆಂದು ಹರಿದ. ಮಡಿಸಿ ಕಾಗದದಲ್ಲಿ ಸುತ್ತಿ ಕೈಗಿತ್ತ ಮೇಲೆ, "ಥಾನು ಮುಗೀತು ನೋಡಿ. ಗೇಣು ಚಿಂದಿ ಬಿಟ್ರೆ ಕೊನೇ ತುಂಡು ನಿಮ್ಮದೇ. ನಿಮ್ಮಕ್ಕ ಮೊನ್ನೆ ಬಂದು ಇದರಲ್ಲೇ ತಗೊಂಡು ಹೋದ್ರು. ಅವರೂ ಮೂರೇ ಮೀಟರ್" ಎಂದ.

"ಮೊದಲೇ ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀವು ತಗೋತಿದ್ರಾ?"

ಅವಳು ದುಡ್ಡು ಎಣಿಸಿ ಕೊಟ್ಟು ಹೊರಟಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ದಿನದಿಂದ ಕಿರಿಯವಳು ಅವಳನ್ನು ಅಕ್ಕ ಎಂದೇ ಕರೆದಿದ್ದಳು. ಮಹಡಿಯ ಮನೆ, ಇಬ್ಬರಿಗೂ ಕೆಳಗೆ ಒಂದೇ ಅಡುಗೆಮನೆ ಇತ್ತು. ಮಕ್ಕಳು ದೊಡ್ಡವರಾಗಿ ಜಾಗ ಸಾಲದಾದಾಗ, ಕಳೆದ ಚಳಿಗಾಲದಲ್ಲಿ ಕಿರಿಯವಳ ಸಂಸಾರಕ್ಕೆ ಮೇಲೊಂದು ಒಲೆ ಹೂಡಿದರು. ಅದರಲ್ಲಿ ಜಗಳವೇನೂ ಇರಲಿಲ್ಲ. ಅಣ್ಣ ತಮ್ಮ ಈಗಲೂ ಮೆಟ್ಟಿಲ ಮೇಲೆ ಕೂತು ಒಟ್ಟಿಗೆ ಚಹಾ ಕುಡಿಯುತ್ತಾರೆ. ಜಗಳವಾದದ್ದು ಸಾಮಾನು ಹಂಚಿಕೊಳ್ಳುವ ದಿನ, ಹೊಲಿಗೆ ಮಿಷನ್ನಿನ ಮುಂದೆ.

ಮಿಷನ್ ತುಳಿಯುವವಳು ಹಿರಿಯವಳು. ಅವಳ ಹೊಲಿಗೆ ಗೆರೆ ಎಳೆದಂತೆ ಹೋಗುತ್ತದೆ. ಆದರೆ ಬಟ್ಟೆಗೆ ಕತ್ತರಿ ಹಾಕೆಂದರೆ ಕತ್ತರಿಯನ್ನೇ ಅತ್ತ ಸರಿಸುತ್ತಾಳೆ. ಹೊಲಿದದ್ದನ್ನಾದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಏನು ಮಾಡುವುದು ಎನ್ನುತ್ತಾಳೆ. ಕಿರಿಯವಳಿಗೆ ಆ ಅಂಜಿಕೆ ಇಲ್ಲ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಕರಕರನೆ ಕತ್ತರಿಸಿಬಿಡುತ್ತಾಳೆ. ಮಿಷನ್ನಿನ ಮೇಲೆ ಕೂತರೆ ಮಾತ್ರ ಅವಳ ಹೊಲಿಗೆ ಕುಡಿದವನ ಹಾಗೆ ರಸ್ತೆಯ ತುಂಬ ಓಡಾಡುತ್ತದೆ. ಹೀಗೆ ಇಬ್ಬರೂ ಸೇರಿ ಒಬ್ಬ ಪೂರ್ತಿ ದರ್ಜಿಯಾಗಿದ್ದರು.

"ಮಿಷನ್ ಕೆಳಗಿರಲಿ, ನಿನಗೆ ಬೇಕಾದಾಗ ಬಾ" ಎಂದಿದ್ದಳು ಅಕ್ಕ. ಒಳ್ಳೆಯ ಮಾತೇ. ಆದರೆ ಬೆಳಗಿನಿಂದ ಪಾತ್ರೆ ಹೊತ್ತು ಹೊತ್ತು ಸೋತಿದ್ದ ಕಿರಿಯವಳಿಗೆ ಆ 'ಬಾ' ಅಪ್ಪಣೆ ಕೊಟ್ಟ ಹಾಗೆ ಕೇಳಿಸಿತು. "ನಿನ್ನ ಮಿಷನ್ ಇಲ್ದಿದ್ರೆ ನಾನೇನು ಬೆತ್ತಲೆ ತಿರುಗಲ್ಲ ಅಕ್ಕ" ಎಂದುಬಿಟ್ಟಳು.

ಅಕ್ಕ ಮಿಷನ್ನಿಗೆ ಹೊದಿಕೆ ಹೊದಿಸುತ್ತ, "ನೋಡೋಣ, ಬೇಸಿಗೆ ಬರಲಿ" ಎಂದಳು.

ಬೇಸಿಗೆ ಬಂತು. ಅಲ್ಲಿಯವರೆಗೆ ಇಬ್ಬರ ನಡುವೆ ನಡೆದ ಮಾತು 'ನೀರು ಬಂತು', 'ಬಾಗಿಲು ಹಾಕಿದೆ' ಇಷ್ಟೇ. ಬೆಳಿಗ್ಗೆ ಮೆಟ್ಟಿಲ ಮೇಲೆ ಎದುರಾಗದಂತೆ ಒಬ್ಬಳು ಬೇಗ, ಒಬ್ಬಳು ತಡವಾಗಿ ಹೊರಡುವುದೂ ಅಭ್ಯಾಸವಾಯಿತು.

ಕೌಂಟರಿಗೆ ಮೂರು ಕಡೆ ಗಾಜು. ಮಧ್ಯಾಹ್ನವಾದರೆ ಬಿಸಿಲು ಅವಳ ಜೊತೆಯಲ್ಲೇ ಒಳಗೆ ಕೂತಿರುತ್ತದೆ. ಅಂಗಡಿಯ ಸಿದ್ಧ ಗೌನುಗಳ ಬಟ್ಟೆಯಲ್ಲಿ ಬೆವರು ಇಂಗುವುದಿಲ್ಲ, ಕುತ್ತಿಗೆಯ ಸುತ್ತ ಬೆವರುಗುಳ್ಳೆಗಳೇಳುತ್ತವೆ. ಮುಂದೆ ಗುಂಡಿಯಿರುವ, ಸಡಿಲ ತೋಳಿನ, ಮೊಣಕಾಲು ದಾಟಿ ಇಳಿಯುವ ಹತ್ತಿ ಗೌನೇ ಆಗಬೇಕು. ಹಳೆಯವು ಒಗೆದು ಒಗೆದು ಬೆನ್ನಿನಲ್ಲಿ ಜಾಳಾಗಿದ್ದವು. ಕೈಯಲ್ಲೇ ಹೊಲಿಯುತ್ತೇನೆ, ಆದದ್ದಾಗಲಿ ಎಂದುಕೊಂಡಳು. ಕೆಳಗೆ ಹೋಗಿ ಕೇಳುವುದಕ್ಕಿಂತ ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುವುದು ಸುಲಭವೆನಿಸಿತು.

ರಜೆಯ ದಿನ ಗಂಡನನ್ನು ಕರೆದು ಟೇಪು ಕೊಟ್ಟಳು. ತನ್ನ ಬೆನ್ನನ್ನು ತಾನೇ ಅಳೆದುಕೊಳ್ಳಲು ಯಾರಿಂದ ಆಗುತ್ತದೆ? ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಭುಜದಿಂದ ಭುಜಕ್ಕೆ ಟೇಪು ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಎರಡು ಕೋಟ್ ಬೇಕಾಗುತ್ತೆ" ಎಂದ.

"ನಾನೇನು ಗೋಡೆನಾ?"

"ಗೋಡೆ ಆಗಿದ್ರೆ ಅಲ್ಲಾಡದೆ ನಿಲ್ತಿತ್ತು." ಅಳತೆ ಹೇಳಿ ಟೇಪು ಸುತ್ತಿಕೊಟ್ಟ. "ಕೆಳಗೆ ಹೋಗಿ ಅತ್ತಿಗೆ ಹತ್ರ ಒಂದು ಮಾತಾಡಿದ್ರೆ ಎಲ್ಲ ಮುಗಿಯೋದಪ್ಪ. ಹೆಂಗಸರ ಪಂಚಾಯಿತಿ ನನಗೆ ಅರ್ಥ ಆಗಲ್ಲ."

"ಅರ್ಥ ಆಗದೇ ಇರೋದರ ಬಗ್ಗೆ ಮಾತಾಡಬಾರದು."

ಮಂಚವನ್ನು ಗೋಡೆಗೊತ್ತಿ ನೆಲದ ಮೇಲೆ ಬಟ್ಟೆ ಹರಡಿದಳು. ಹಿಂದೆಲ್ಲ ಈ ಕೆಲಸ ಕೆಳಗಿನ ನಡುಮನೆಯಲ್ಲಿ ನಡೆಯುತ್ತಿತ್ತು. ಅಕ್ಕ ಬಟ್ಟೆಯ ಅಂಚಿನ ಮೇಲೆ ಮೊಣಕಾಲೂರಿ ಕೂತು, ಕತ್ತರಿ ಬಾಯಿ ತೆರೆದಾಗಲೆಲ್ಲ "ಮಡಿಸಿದ್ಯಾ?" ಎಂದು ಕೇಳುತ್ತಿದ್ದಳು. ಬಟ್ಟೆಯನ್ನು ಎರಡು ಪದರ ಮಾಡಿ ಒಮ್ಮೆ ಕತ್ತರಿಸಿದರೆ ಎಡ ಬಲ ಎರಡೂ ಭಾಗ ಒಟ್ಟಿಗೆ ಬರುತ್ತವೆ. ಇದು ಗೊತ್ತಿಲ್ಲದ ದರ್ಜಿ ಉಂಟೇ? ಕಿರಿಯವಳು ರೇಗಿ, "ಮಡಿಸಿದೀನಿ ಮಹಾತಾಯಿ" ಎನ್ನುತ್ತಿದ್ದಳು. ಈಗ ಕೇಳುವವರಿಲ್ಲ. ಹಾಯಾಗಿತ್ತು.

ಆದರೆ ಒಬ್ಬಳದೇ ಗೌನಾದ್ದರಿಂದ ಮಡಿಸಿದ ಬಟ್ಟೆಯಲ್ಲಿ ಜೇಬಿಗೆ ತುಂಡು ಹೊರಡುವಂತಿರಲಿಲ್ಲ. ಟಿಕೆಟ್ ಕೊಡುವವಳಿಗೆ ಜೇಬಿಲ್ಲದೆ ನಡೆಯುವುದಿಲ್ಲ. ಬಟ್ಟೆ ಬಿಡಿಸಿ ಒಂದೇ ಪದರವಾಗಿ ಹಾಸಿದಳು. ಹಿಂಭಾಗ, ತೋಳು, ಜೇಬು ಎಲ್ಲಕ್ಕೂ ಜಾಗ ಹೊಂದಿಸಿ, ಮುಂಭಾಗದ ಕಾಗದದ ಅಚ್ಚನ್ನು ಇಟ್ಟು ಗೆರೆ ಎಳೆದಳು. ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಎಳೆದಳು. ಕತ್ತರಿಸಿದಳು. ಕತ್ತರಿ ಚೆನ್ನಾಗಿ ಓಡಿತು.

ಎರಡು ಮುಂಭಾಗಗಳನ್ನೂ ಎದೆಯ ಮೇಲೆ ಹಿಡಿದು ಕನ್ನಡಿ ನೋಡಿದಾಗ ಗೊತ್ತಾಯಿತು. ಎರಡೂ ಎಡಭಾಗ. ಎರಡೂ ಎಡಗಾಲಿನ ಚಪ್ಪಲಿ ಇದ್ದ ಹಾಗೆ. ಸರಿಸಿದ ಅಚ್ಚನ್ನು ಅವಳು ಮಗುಚಿರಲಿಲ್ಲ.

ಗಂಡ ಬಂದು ನೋಡಿ, "ಒಂದನ್ನ ಉಲ್ಟಾ ಹಾಕಿ ಹೊಲಿದುಬಿಡು, ಯಾರು ನೋಡ್ತಾರೆ" ಎಂದ. ಬಟ್ಟೆಯ ಒಳಮೈ ಬೂದಿಯಂತೆ ಮಂಕಾಗಿತ್ತು, ಎಲೆಗಳೇ ಇರಲಿಲ್ಲ.

"ನನ್ನ ಕೌಂಟರ್ ಮುಂದೆ ದಿನಾ ಊರೇ ಸಾಲು ನಿಲ್ಲುತ್ತೆ. ಎಲ್ಲರೂ ನೋಡ್ತಾರೆ" ಎಂದಳು.

ಮರುದಿನ ಮಧ್ಯಾಹ್ನ ಅಂಗಡಿಯ ಗೌನಿನಲ್ಲೇ ಕೂತು, ಕುತ್ತಿಗೆ ತುರಿಸಿಕೊಳ್ಳುತ್ತ ಟಿಕೆಟ್ ಹರಿದಳು. ಥಾನು ಮುಗಿದಿದೆ. ಅದೇ ಬಟ್ಟೆ ಇನ್ನು ಇರುವುದು ಒಂದೇ ಜಾಗದಲ್ಲಿ. ಅಕ್ಕ ಅದನ್ನು ಹೊಲಿದು ಮುಗಿಸಿರಬಹುದು, ನಾಳೆಯೋ ನಾಡಿದ್ದೋ ತೊಟ್ಟು ಮೆಟ್ಟಿಲಿಳಿಯಬಹುದು. ಅದನ್ನು ನೋಡುತ್ತ ನಿಲ್ಲುವುದಕ್ಕಿಂತ ಇವತ್ತೇ ಹೋಗುವುದು ಮೇಲೆಂದು ಸಂಜೆಯ ಬಸ್ಸಿನಲ್ಲಿ ತೀರ್ಮಾನಿಸಿದಳು. ನಿಜ ಹೇಳಬೇಕೆಂದರೆ ಗೌನಿನ ಆಸೆ ಆ ಹೊತ್ತಿಗೆ ಅರ್ಧ ಹೋಗಿತ್ತು. ಅಕ್ಕ ಬಾಗಿಲು ತೆರೆದು ಏನನ್ನುತ್ತಾಳೆ ಎನ್ನುವುದೇ ದೊಡ್ಡದಾಗಿತ್ತು.

ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ಹಬೆಯಲ್ಲಿ ನಿಂತು ಆಗತಾನೆ ಬಂದಿದ್ದಳು. ಬಾಗಿಲು ತೆರೆದವಳು ಓರಗಿತ್ತಿಯನ್ನು ಕಾಲಿನಿಂದ ತಲೆವರೆಗೆ ನೋಡಿ, "ಪರವಾಗಿಲ್ಲ, ಬಟ್ಟೆ ಹಾಕ್ಕೊಂಡೇ ಬಂದಿದೀಯ" ಎಂದಳು.

"ಒಳಗೆ ಬರಲೋ, ಇಲ್ಲೇ ನಿಂತು ಅನ್ನಿಸಿಕೊಳ್ಳಲೋ?"

"ಒಳಗೆ ಬಂದೇ ಅನ್ನಿಸಿಕೋ. ಬಾಗಿಲಲ್ಲಿ ಬಿಸಿಗಾಳಿ."

ಕಿರಿಯವಳು ಟೇಪು, ಕಾಗದದ ಅಚ್ಚುಗಳ ಜೊತೆ ತಂದಿದ್ದ ಎರಡು ತುಂಡುಗಳನ್ನು ಮೇಜಿನ ಮೇಲೆ ಹಾಸಿದಳು. ಅಕ್ಕ ಒಂದನ್ನೆತ್ತಿ, ಇನ್ನೊಂದರ ಮೇಲಿಟ್ಟು, ಗುಂಡಿಯ ಕಡೆ ಯಾವುದು, ಕಂಕುಳ ಕಡೆ ಯಾವುದು ಎಂದು ನೋಡಿದಳು. ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು.

"ನಗಬೇಡ ಅಕ್ಕ."

"ನಾನೆಲ್ಲಿ ನಕ್ಕೆ?"

"ಒಳಗೊಳಗೇ ನಗ್ತಿದೀಯ. ಪೂರ್ತಿ ನಕ್ಕುಬಿಡು, ಮುಗಿದುಹೋಗಲಿ."

ಅಕ್ಕ ನಗಲಿಲ್ಲ. ಒಳಕೋಣೆಗೆ ಹೋಗಿ ಮಿಷನ್ನಿನ ಮೇಲಿದ್ದ ತನ್ನ ಬಟ್ಟೆ ತಂದು ಮುಂದಿಟ್ಟಳು. ತಿಳಿನೀಲಿ ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ಸೀಮೆಸುಣ್ಣದ ಗೆರೆ ಎಳೆದು, ಒರೆಸಿ, ಮತ್ತೆ ಎಳೆದು, ಮತ್ತೆ ಒರೆಸಿ ಬಟ್ಟೆಯೆಲ್ಲ ಬೆಳ್ಳಗಾಗಿತ್ತು. ಎಲ್ಲೂ ಕತ್ತರಿ ತಾಗಿರಲಿಲ್ಲ. ಜೊತೆಗೆ ಒಂದು ಹೊಸ ಕತ್ತರಿ, ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ.

"ನನ್ನ ಕಥೆಯೂ ನೋಡಿಬಿಡು" ಎಂದಳು. "ದಿನಾ ಸಂಜೆ ಹಾಸ್ತೀನಿ, ದಿನಾ ಮಡಿಸಿಡ್ತೀನಿ. ಇದರಲ್ಲೇ ನಿನ್ನ ಬಲಗಡೆ ಕತ್ತರಿಸ್ಕೋ."

"ಆಮೇಲೆ ನಿನಗೇನು ಉಳಿಯುತ್ತೆ?"

"ನನಗ್ಯಾಕೆ ಹೊಸದು. ಇಸ್ತ್ರಿ ಮೇಜಿನ ಹಿಂದೆ ನಿಲ್ಲೋಳನ್ನ ಯಾರು ನೋಡ್ತಾರೆ. ನಿನ್ನ ಮುಂದೆ ಸಾಲು ನಿಲ್ಲುತ್ತೆ."

ಹಾಗೆ ಕತ್ತರಿಸಿಕೊಂಡು ಮೇಲೆ ಹೋಗಬಹುದಿತ್ತು. ಹೋದರೆ ಗೌನಾಗುತ್ತದೆ, ಮತ್ತೆ ಕೆಳಗೆ ಬರಲು ಮುಖವಿರುವುದಿಲ್ಲ. ಟೇಪು ಬಿಚ್ಚಿ, "ಕೈ ಎತ್ತು" ಎಂದಳು.

"ಯಾಕೆ?"

"ಎತ್ತು ಅಂದ್ರೆ ಎತ್ತಬೇಕು."

ಅಕ್ಕ ಯಾವಾಗಲೂ ಅವಳಿಗಿಂತ ಒಂದು ಗೇಣು ದಪ್ಪ. ಪ್ರತಿ ಬೇಸಿಗೆ ಆ ಗೇಣಿನ ಬಗ್ಗೆ ಒಂದು ತಮಾಷೆ ಇದ್ದೇ ಇರುತ್ತಿತ್ತು. ಈಗ ಎದೆ ಸುತ್ತಿ ಬಂದ ಟೇಪು ಅವಳು ಎಣಿಸಿದ್ದಕ್ಕಿಂತ ಬಹಳ ಮೊದಲೇ ಕೂಡಿಕೊಂಡಿತು. ಬಿಗಿಯಾಯಿತೇನೋ ಎಂದು ಬಿಟ್ಟು ಮತ್ತೆ ಹಿಡಿದಳು. ಸೊಂಟಕ್ಕೆ ಹಿಡಿದಳು.

"ಅಕ್ಕ, ಇದು ನನ್ನ ಅಳತೆ."

"ನಿನ್ನ ಟೇಪು ಹಿಗ್ಗಿರಬೇಕು."

"ಊಟ ಮಾಡ್ತಿದೀಯೋ ಇಲ್ವೋ?"

"ಮಾಡ್ತೀನಿ." ಅಕ್ಕ ಕೈ ಇಳಿಸಲಿಲ್ಲ, ಮುಖ ಮಾತ್ರ ಕಿಟಕಿಯ ಕಡೆ ತಿರುಗಿಸಿದಳು. "ನಿಮ್ಮ ಬಾವನಿಗೆ ರಾತ್ರಿ ಪಾಳಿ. ಮಕ್ಕಳು ತಟ್ಟೆ ಹಿಡಕೊಂಡು ಟಿವಿ ಮುಂದೆ ಹೋಗ್ತಾವೆ. ಒಬ್ಬಳೇ ಕೂತು ಎಷ್ಟು ಅಂತ ತಿನ್ನಲಿ. ಸಾಕು ಅಂದ್ರೂ ಬಡಿಸೋಳು ನೀನೊಬ್ಬಳು ಇದ್ದೆ."

ಕಿರಿಯವಳು ಟೇಪನ್ನು ಕೊರಳಿಗೆ ಹಾಕಿಕೊಂಡು, ಹೆಚ್ಚಾಗಿದ್ದ ಎಡಭಾಗವನ್ನು ಅಕ್ಕನ ಮೈಗೆ ಹಿಡಿದು ನೋಡಿದಳು. ಭುಜ ಕೂತಿತು, ಎದೆ ಕೂತಿತು. ಉದ್ದ ಮಾತ್ರ ಸ್ವಲ್ಪ ಕಡಿಮೆ, ಅಕ್ಕ ಎತ್ತರದವಳು.

"ನಿನ್ನ ಎಡಗಡೆ ನಾನು ಆಗಲೇ ಕತ್ತರಿಸಿ ತಂದಿದೀನಿ. ನಿನ್ನ ಬಟ್ಟೆಯಲ್ಲಿ ಎರಡು ಬಲಗಡೆ ಹೊರಟರೆ ಇಬ್ಬರಿಗೂ ಆಯ್ತು. ಯಾರಿಗೂ ಏನೂ ಕಡಿಮೆ ಇಲ್ಲ."

"ನನ್ನ ಮೀನಖಂಡ ಕಾಣುತ್ತೆ ಕಣೇ."

"ಗಾಳಿ ಆಡುತ್ತೆ, ಬಿಡು."

ಮೇಜು ಸರಿಸಿ ನೆಲದ ಮೇಲೆ ಬಟ್ಟೆ ಹಾಸಿದರು. ಅಕ್ಕ ಅಂಚಿನ ಮೇಲೆ ಮೊಣಕಾಲೂರಿದಳು. ಕಿರಿಯವಳು ಅಚ್ಚನ್ನು ಈ ಸಲ ಮಗುಚಿ ಇಟ್ಟು ಗೆರೆ ಎಳೆದು, ಕತ್ತರಿ ತೆಗೆದುಕೊಂಡಳು.

"ಮಡಿಸಿದ್ಯಾ?"

"ಇದಕ್ಕೆ ಮಡಿಸಬಾರದು ಅಕ್ಕ. ಮಡಿಸಿದ್ರೆ ಮತ್ತೆ ಒಂದು ಎಡ ಬರುತ್ತೆ."

ಅಕ್ಕನಿಗೆ ಕಸಿವಿಸಿಯಾಯಿತು. "ಹಾಗಾದ್ರೆ ನಾನೇನು ಕೇಳಲಿ?"

"ಮಗುಚಿದ್ಯಾ ಅಂತ ಕೇಳು."

"ಮಗುಚಿದ್ಯಾ?"

"ಮಗುಚಿದೀನಿ ಮಹಾತಾಯಿ" ಎಂದು ಕಿರಿಯವಳು ಕತ್ತರಿಸಿದಳು. ಅಕ್ಕ ಆ ಕಡೆ ನೋಡಲಾರದೆ ಕಣ್ಣು ಮುಚ್ಚಿಕೊಂಡಿದ್ದಳು.

ವಾರದೊಳಗೆ ಎರಡೂ ಗೌನು ತಯಾರಾದವು. ಮಿಷನ್ ಕೆಳಗೇ ಉಳಿಯಿತು, ಅಡುಗೆಮನೆಗಳೂ ಎರಡಾಗಿಯೇ ಉಳಿದವು. ಅಕ್ಕನ ಮೈಯಿಂದ ಇಳಿದದ್ದು ಆ ಬೇಸಿಗೆಯಲ್ಲಿ ಮರಳಲಿಲ್ಲ. ಹಿಂದಿನ ವರ್ಷಗಳಲ್ಲಿ ತಲೆಗೆ ಎರಡೆರಡು ಗೌನು ಆಗುತ್ತಿದ್ದವು. ಈ ಸಲ ಒಬ್ಬೊಬ್ಬರೂ ಮೂರೇ ಮೀಟರ್ ತಂದದ್ದರಿಂದ ಒಂದೊಂದೇ. ಒಂದೇ ಆದ್ದರಿಂದ ದಿನಾ ಸಂಜೆ ಬಂದೊಡನೆ ಒಗೆದು ಹಾಕಬೇಕು, ಬೆಳಿಗ್ಗೆ ಅದನ್ನೇ ತೊಡಬೇಕು. ಒಗೆಯುವ ನಲ್ಲಿ ಹಿತ್ತಿಲಲ್ಲಿ ಒಂದೇ ಇರುವುದು. ಹೀಗಾಗಿ ಇಬ್ಬರೂ ಸಂಜೆ ಅಲ್ಲಿ ಸೇರುತ್ತಿದ್ದರು. ಒಬ್ಬಳು ಒಗೆದ ಗೌನಿನ ಒಂದು ತುದಿ ಹಿಡಿದರೆ ಇನ್ನೊಬ್ಬಳು ಮತ್ತೊಂದು ತುದಿ ಹಿಡಿದು, ಎದುರುಬದುರು ನಿಂತು ನೀರು ಬಸಿಯುವವರೆಗೆ ಹಿಂಡುತ್ತಿದ್ದರು.